ಮುಖ ನೋಡಿದರೆ ಗೊತ್ತಾಗಲ್ಲ ಅಕ್ಕಾ

ಕೆನಡಾ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅವಸರದಲ್ಲಿ ಏನೋ ಹೇಳಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. 'ತಾಯಿ ಬಸುರಿಯಾಗಿದ್ದಾಗ ಕುಡಿದಿದ್ದರೆ ಮಗುವಿನ ಮುಖ ನೋಡಿದರೇ ಗೊತ್ತಾಗುತ್ತೆ ಅಲ್ವಾ?' ಅಂದೆ ನೀನು. ಇಲ್ಲ ಅಕ್ಕಾ. ಜಾಸ್ತಿ ಮಕ್ಕಳಲ್ಲಿ ಮುಖ ಏನೂ ಹೇಳುವುದಿಲ್ಲ.

ನಮ್ಮ ಕ್ಲಿನಿಕ್ಕಿನಲ್ಲಿ ಮುಖವನ್ನು ನೋಡುತ್ತೇವೆ, ನಿಜ. ಮೂರು ಗುರುತುಗಳಿವೆ. ಕಣ್ಣಿನ ಸೀಳು ಚಿಕ್ಕದಾಗಿರುತ್ತೆ. ಮೂಗಿನ ಕೆಳಗಿಂದ ತುಟಿಗೆ ಇಳಿಯುವ ಸಣ್ಣ ತೋಡು ಇರುತ್ತಲ್ಲ, ಅದು ಮಟ್ಟಸವಾಗಿರುತ್ತೆ. ಮೇಲ್ದುಟಿ ತೆಳ್ಳಗಿರುತ್ತೆ. ಡಾಕ್ಟರು ಪಾರದರ್ಶಕ ಸ್ಕೇಲನ್ನು ಮಗುವಿನ ಕಣ್ಣಿನ ಹತ್ತಿರ ಹಿಡಿದು ಒಳಮೂಲೆಯಿಂದ ಹೊರಮೂಲೆವರೆಗೆ ಅಳೆಯುತ್ತಾರೆ. ಒಂದೆರಡು ಮಿಲಿಮೀಟರಿನಲ್ಲೇ ಲೆಕ್ಕ ಬದಲಾಗುತ್ತೆ. ತುಟಿಗೆ ಐದು ಫೋಟೋಗಳ ಚಾರ್ಟು ಇದೆ, ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಆಗ ಮಗು ನಗಬಾರದು. ನಕ್ಕರೆ ತುಟಿ ತೆಳುವಾಗುತ್ತೆ, ತೋಡೂ ಮಾಯ. ಆರು ವರ್ಷದ ಹುಡುಗನಿಗೆ ನಗಬೇಡ ಅಂದರೆ ಜಾಸ್ತಿ ನಗುತ್ತಾನೆ!

ಆದರೆ ಈ ಗುರುತು ಬೀಳುವುದು ಬಸುರಿನ ಶುರುವಿನ ವಾರಗಳಲ್ಲಿ. ಮಿದುಳು ಹಾಗಲ್ಲ, ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತೆ. ಮುಖ ಚೆನ್ನಾಗೇ ಇದ್ದು ಮಿದುಳಿಗೆ ಪೆಟ್ಟಾಗಿರಬಹುದು. 1968ರಲ್ಲಿ ಫ್ರಾನ್ಸಿನ ಡಾಕ್ಟರು ಪಾಲ್ ಲೆಮ್ವಾನ್ ಕುಡಿಯುವ ತಂದೆತಾಯಿಗಳ 127 ಮಕ್ಕಳ ಬಗ್ಗೆ ಬರೆದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ಇದಕ್ಕೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಮುಖದಲ್ಲಿ ಗುರುತಿಲ್ಲದ ಮಕ್ಕಳನ್ನೂ ಸೇರಿಸಿಕೊಂಡು ಎಫ್‌ಎಎಸ್‌ಡಿ (ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್) ಅನ್ನುವ ದೊಡ್ಡ ಹೆಸರು ಬಂದಿದ್ದು ಆಮೇಲೆ.

ಮೊನ್ನೆ ಬಂದ ಹುಡುಗನ ಮುಖದಲ್ಲೂ ಏನೂ ಇರಲಿಲ್ಲ. ಶಾಲೆಯಲ್ಲಿ ಹಟಮಾರಿ, ಹೇಳಿದ ಮಾತು ಕೇಳಲ್ಲ ಅಂತ ದೂರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ ತೊಂದರೆ, ಅಂತ ಮೊದಲೇ ಹೇಳಿದ್ದರು. ಬಂದವನೇ ನನ್ನ ಹತ್ತಿರ ಹತ್ತು ನಿಮಿಷ ಒಂದೇ ಸಮನೆ ಮಾತಾಡಿದ. ಎಷ್ಟು ಚೂಟಿ ಅನ್ನಿಸಿತು. ಆಮೇಲೆ ನಾನು, 'ಕೆಂಪು ಪೆನ್ಸಿಲ್ ತಗೋ, ಡಬ್ಬಿ ಕೆಳಗೆ ಇಡು, ಪುಸ್ತಕ ನನಗೆ ಕೊಡು' ಅಂದೆ. 'ಹೂಂ' ಅಂದ. ಪೆನ್ಸಿಲ್ ತಗೊಂಡ. ಅಷ್ಟೇ. ಪೆನ್ಸಿಲ್ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ನಿಂತ. ಕೇಳಿದ್ದೆಲ್ಲ ಅರ್ಥವಾಗಿದೆ ಅಂತ ಅವನ ಮಾತು ನಂಬಿಸುತ್ತೆ, ಆದರೆ ಅರ್ಥವಾಗಿರುವುದಿಲ್ಲ. ನಾನು ಮಾತಿನ ಥೆರಪಿಸ್ಟ್ ಆಗಿದ್ದೂ ಮೊದಲ ಹತ್ತು ನಿಮಿಷ ಮೋಸ ಹೋದೆ.

ಎಫ್‌ಎಎಸ್‌ಡಿಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಮಾಡಿ ಹೇಳುವ ಹಾಗೂ ಇಲ್ಲ. ಮಕ್ಕಳ ಡಾಕ್ಟರು, ಮನಶ್ಶಾಸ್ತ್ರಜ್ಞರು, ದಿನದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್, ನಾನು, ಎಲ್ಲರೂ ಸೇರಿ ನೋಡಬೇಕು. ಇಲ್ಲಿನ ಪದ್ಧತಿಯಲ್ಲಿ ನೆನಪು, ಗಮನ, ಭಾಷೆ, ಲೆಕ್ಕ-ಓದು, ಕೈಕಾಲಿನ ಹಿಡಿತ ಹೀಗೆ ಮಿದುಳಿನ 10 ವಿಭಾಗಗಳಿವೆ. ಎಫ್‌ಎಎಸ್‌ಡಿ ಅನ್ನಬೇಕಾದರೆ ಕನಿಷ್ಠ 3ರಲ್ಲಿ ಮಗು ತೀರಾ ಹಿಂದಿರಬೇಕು. ಬೇರೆ ಕಾಯಿಲೆ ಇಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಬೇಕು. ಮುಖದ ಮೂರೂ ಗುರುತು ಇದ್ದರೆ ತಾಯಿ ಕುಡಿದದ್ದು ಗೊತ್ತಿಲ್ಲದಿದ್ದರೂ ನಡೆಯುತ್ತೆ. ಗುರುತು ಇಲ್ಲದಿದ್ದರೆ ಕುಡಿದದ್ದು ಖಚಿತವಾಗಿ ಗೊತ್ತಿರಲೇಬೇಕು.

ನೋಡು ಅಕ್ಕಾ, ಎಲ್ಲ ಅಳತೆ ಮುಗಿದ ಮೇಲೆ ಸಾಮಾನ್ಯವಾಗಿ ಉಳಿಯುವುದು ತಾಯಿಯ ಒಂದು ಮಾತು. 'ಅಂಥ ತಾಯಿಗೆ ಮನಸ್ಸಾದರೂ ಹೇಗೆ ಬರುತ್ತೆ' ಅಂದೆಯಲ್ಲ, ಆ ಮಾತು ನಮ್ಮ ಮುಖದಲ್ಲಿ ಕಂಡರೂ ಸಾಕು, ಅವಳು 'ಇಲ್ಲ' ಅಂದುಬಿಡುತ್ತಾಳೆ. ಮಗು ಹಟಮಾರಿಯಾಗಿಯೇ ಉಳಿದುಬಿಡುತ್ತೆ.

ಅದಕ್ಕೇ ನಮ್ಮ ಡಾಕ್ಟರು 'ಕುಡಿದಿದ್ದಿರಾ' ಅಂತ ಶುರು ಮಾಡಲ್ಲ. 'ಬಸುರಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?' ಅಂತ ಕೇಳಿದರು. ಆ ತಾಯಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ಕೂತಿದ್ದಳು. 'ಎರಡು ತಿಂಗಳು ಕಳೆದ ಮೇಲೆ' ಅಂದಳು. 'ಅದಕ್ಕೂ ಮುಂಚೆ ದಿನಗಳು ಹೇಗಿದ್ದವು?' ಜಿಪ್ಪು ನಿಂತಿತು. ವಾರಕ್ಕೆರಡು ಸಲ ಗೆಳತಿಯರ ಜೊತೆ ಕುಡಿಯುತ್ತಿದ್ದಳಂತೆ. ಗೊತ್ತಾದ ದಿನವೇ ಬಿಟ್ಟಳಂತೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇದರಲ್ಲಿ ಇಲ್ಲ, ಆದರೆ ಅವಳು ಬೇಕಂತ ಮಾಡಿದ್ದಲ್ಲ. ಆರು ವರ್ಷದಿಂದ ಯಾರಾದರೂ ಬೈಯಲಿ ಅಂತಲೇ ಕಾಯುತ್ತಿದ್ದಳೇನೋ. ಯಾರೂ ಬೈಯಲಿಲ್ಲ. ಡಾಕ್ಟರು 'ಹೇಳಿದ್ದು ಒಳ್ಳೆಯದಾಯ್ತು' ಅಂದರು, ಬರೆದುಕೊಂಡರು.

ಎಲ್ಲ ತಿಳಿಸಿದಾಗ ಅವಳು ಮೊದಲು ಕೇಳಿದ್ದು, 'ಹಾಗಾದರೆ ಅವನು ಬೇಕಂತ ಹಾಗೆ ಮಾಡ್ತಿರಲಿಲ್ವಾ?' ಅಂತ. ನನಗೆ ಗಂಟಲು ಕಟ್ಟಿತು.

ಇದನ್ನು ವಾಸಿ ಮಾಡೋಕೆ ಆಗಲ್ಲ. ಆದರೆ ಒಂದು ಸಲಕ್ಕೆ ಒಂದೇ ಮಾತು ಹೇಳಿದರೆ, ದಿನದ ಕೆಲಸವನ್ನು ಚಿತ್ರ ಬರೆದು ತೋರಿಸಿದರೆ, ನಿನ್ನೆ ಕಲಿತದ್ದನ್ನು ಇವತ್ತು ಮರೆತರೆ ಸಿಟ್ಟಾಗದೆ ಮತ್ತೆ ಹೇಳಿದರೆ ಅವನಿಗೆ ಎಷ್ಟೋ ಸಲೀಸು. ನಾಳೆ ಅವನ ಟೀಚರಿಗೆ ಇದನ್ನೆಲ್ಲ ಬರೆಯಬೇಕು. ತಾಯಿ ಒಪ್ಪಿಗೆ ಕೊಟ್ಟಿದ್ದಾಳೆ.

ಅಮ್ಮನಿಗೂ ಈ ಪತ್ರ ಓದಿ ಹೇಳು. ಮುಂದಿನ ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ತಂಗಿ