ಚೀಟಿಯಲ್ಲಿ ನಡಿಗೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಬಗ್ಗೆ ಬಂದ ಲೇಖನ ಓದಿದೆ. ಮಾತ್ರೆ, ಸ್ಕ್ಯಾನಿಂಗ್, ಆಪರೇಷನ್ ಎಲ್ಲ ಇತ್ತು. ವ್ಯಾಯಾಮಕ್ಕೆ ಮಾತ್ರ ಕೊನೆಯಲ್ಲಿ ಅರ್ಧ ಸಾಲು. ಅದಕ್ಕೇ ಈ ಪತ್ರ.

ನಾನು 31 ವರ್ಷ ಬಸ್ ಓಡಿಸಿದವನು. ಸೀಟಿನಲ್ಲಿ ಕೂತ ಮೇಲೆ ಒಂದಕ್ಕೆ ಬಂದರೂ ನಿಲ್ದಾಣ ಸಿಗುವವರೆಗೆ ತಡೆದುಕೊಳ್ಳಬೇಕು. ನಿವೃತ್ತಿ ಆಯಿತು, ಇನ್ನು ಆ ಕಷ್ಟ ಇಲ್ಲ ಅಂದುಕೊಂಡೆ. ಆಗಲೇ ರಾತ್ರಿ ನಾಲ್ಕು ಸಲ ಏಳುವುದು ಶುರುವಾಯಿತು. ಹೋಗಿ ಸುಮ್ನೆ ನಿಂತಿರಬೇಕು, ಮೂತ್ರ ಬರುವುದೇ ಇಲ್ಲ. ಬಂದರೂ ತಡೆತಡೆದು. ವಾಪಸ್ ಬಂದು ಮಲಗಿದರೆ ಇನ್ನೂ ಉಳಿದಿದೆ ಅನಿಸುತ್ತದೆ. ಹೆಂಡತಿ ಕೇಳಿದರೆ 'ನೀರು ಜಾಸ್ತಿ ಕುಡಿದೆ' ಅಂತ ಸುಳ್ಳು. ಎರಡು ವರ್ಷ ಹೀಗೇ ದೂಡಿದೆ. ಮೊಣಕಾಲು ನೋವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುವ ನಾವು ಗಂಡಸರು ಇದಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ, ಅಲ್ವಾ?

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಕ್ಯಾನ್ಸರ್ ಅಲ್ಲ, ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ ಅಂದರು. ಅಕ್ರೋಟಿನಷ್ಟು ಇರಬೇಕಾದ ಗ್ರಂಥಿ ಅದು. ಮೂತ್ರನಾಳ ಅದರ ನಡುವೆಯೇ ಹಾದು ಬರುತ್ತದೆ. ಗ್ರಂಥಿ ಬೆಳೆದರೆ ದಾರಿ ಇಕ್ಕಟ್ಟು. 50ರಿಂದ 60 ವರ್ಷದೊಳಗಿನ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಹೀಗೆ ಬೆಳೆದಿರುತ್ತದಂತೆ. ಅಲ್ಲಿನ ಸ್ನಾಯು ಸಡಿಲ ಮಾಡುವ ಮಾತ್ರೆ ಬರೆದುಕೊಟ್ಟರು. ಒಳ್ಳೆಯ ಮಾತ್ರೆಯೇ, ಈಗಲೂ ನುಂಗುತ್ತೇನೆ. ಆದರೆ ಕೂತು ಕೂತು ಬೆಳೆದ ನನ್ನ ಹೊಟ್ಟೆಯ ವಿಷಯ ಯಾರೂ ಎತ್ತಲಿಲ್ಲ.

ಎತ್ತಿದ್ದು ಮಗಳ ಫಿಸಿಯೋಥೆರಪಿಸ್ಟ್. ಹೆರಿಗೆಯಾದ ಮೇಲೆ ಮಗಳಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದರು. ಒಂದು ಸಂಜೆ ನನ್ನ ಊದಿದ ಪಾದ ನೋಡಿ, 'ರಾತ್ರಿ ಎಷ್ಟು ಸಲ ಏಳ್ತೀರಿ?' ಅಂತ ನೇರವಾಗಿ ಕೇಳಿಬಿಟ್ಟರು. ಹಗಲೆಲ್ಲ ಕೂತರೆ ನೀರಿನಂಶ ಕಾಲಲ್ಲಿ ಇಳಿದು ನಿಲ್ಲುತ್ತದೆ. ಮಲಗಿದಾಗ ಅದು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ನಡೆದರೆ ಮೀನಖಂಡ ಪಂಪಿನ ಹಾಗೆ ಅದನ್ನು ಹಗಲಲ್ಲೇ ಮೇಲಕ್ಕೆ ತಳ್ಳುತ್ತದೆ. ಪಂಪು ಅಂದ ಕೂಡಲೇ ಡ್ರೈವರ್ ತಲೆಗೆ ಅರ್ಥವಾಯಿತು! ಆದರೂ ಹೃದಯ, ಕಿಡ್ನಿ ಒಮ್ಮೆ ತೋರಿಸಿಕೊಳ್ಳಿ ಅಂದರು, ತೋರಿಸಿದೆ.

ಮಗಳಿಗೆ ಹೇಳಿಕೊಟ್ಟ ವ್ಯಾಯಾಮವನ್ನೇ ನನಗೂ ಹೇಳಿಕೊಟ್ಟರು. ಅದು ಕೀಗಲ್ ವ್ಯಾಯಾಮ, ಮೂತ್ರ ತಡೆದು ಹಿಡಿಯುವ ಕೆಳಗಿನ ಸ್ನಾಯುವಿಗೆ. ಆರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಬಾಣಂತಿಯರಿಗಾಗಿ ಬರೆದದ್ದು. ಗಂಡಸರಿಗೂ ಆ ಸ್ನಾಯು ಇದೆ. ಹೂಸು ತಡೆಯುವಾಗ ಬಿಗಿಯುತ್ತೇವಲ್ಲ, ಅದೇ. ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡು. ಹತ್ತು ಸಲ. ಉಸಿರು ಕಟ್ಟಬಾರದು. ನಾನು ಮೊದಲು ಹದಿನೈದು ದಿನ ಪೃಷ್ಠ ಬಿಗಿಹಿಡಿದು ಅದೇ ವ್ಯಾಯಾಮ ಅಂದುಕೊಂಡಿದ್ದೆ. ಮಗಳು ನಕ್ಕಳು. ಅವಸರವಾಗಿ ಓಡುವುದು, ಕೊನೆಯ ಹನಿ ಬಟ್ಟೆಗೆ ಬೀಳುವುದು ನನಗೆ ಇದರಿಂದಲೇ ಕಡಿಮೆಯಾಯಿತು. ಕಿಬ್ಬೊಟ್ಟೆ ನೋವು ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮಾಡಬಾರದು.

ಬಚ್ಚಲ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುಹಾಕಿ, ರಾತ್ರಿ ಎದ್ದಾಗಲೆಲ್ಲ ಪೆನ್ಸಿಲ್‌ನಲ್ಲಿ ಗೀಟು ಎಳೆಯುತ್ತಿದ್ದೆ. ದಿನಾ ಸಂಜೆ 40 ನಿಮಿಷ ಬಿರುಸು ನಡಿಗೆ. ಮೂರು ತಿಂಗಳಿಗೆ ನಾಲ್ಕು ಗೀಟು ಎರಡಾಯಿತು. ಗ್ರಂಥಿಯೇನೂ ಕುಗ್ಗಿಲ್ಲ, ಸ್ಕ್ಯಾನಿಂಗ್‌ನಲ್ಲಿ ಮೊದಲಿನಷ್ಟೇ ಇದೆ. ತೊಂದರೆ ಇಳಿದಿದೆ. ಇದು ನನ್ನೊಬ್ಬನ ಕಥೆ ಅನ್ನಬೇಡಿ. ವಾರಕ್ಕೆ 2–3 ಗಂಟೆ ನಡೆಯುವ ಗಂಡಸರಲ್ಲಿ ಈ ತೊಂದರೆ ಕಾಲು ಭಾಗದಷ್ಟು ಕಡಿಮೆ ಅಂತ 1998ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ.

ನಡೆಯುತ್ತೇನೆ ಅಂತ ಡಾಕ್ಟರನ್ನು ತಪ್ಪಿಸುವುದು ಬೇಡ. ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡದೆ ತೋರಿಸಿ. ಪೂರ್ತಿ ಕಟ್ಟಿಕೊಂಡರೆ ಆಗಲೇ ಆಸ್ಪತ್ರೆಗೆ ಓಡಬೇಕು.

ವೈದ್ಯರಲ್ಲಿ ನನ್ನ ಕೇಳಿಕೆ ಇಷ್ಟೇ. ಮಾತ್ರೆ ಬರೆಯುವ ಚೀಟಿಯಲ್ಲೇ 'ಸಂಜೆ 40 ನಿಮಿಷ ನಡಿಗೆ' ಅಂತಲೂ ಬರೆಯಿರಿ. ಚೀಟಿಯಲ್ಲಿ ಇದ್ದರೆ ನಾವು ಮಾಡುತ್ತೇವೆ, ಬಾಯಲ್ಲಿ ಹೇಳಿದ್ದು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ನೀವೂ ಒಬ್ಬ ಫಿಸಿಯೋಥೆರಪಿಸ್ಟ್ ಕೈಲಿ ಅರ್ಧ ಪುಟ ಬರೆಸಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ಓದುವವರು ನನ್ನ ವಯಸ್ಸಿನವರು.

ಇತಿ,
ನಿವೃತ್ತ ಬಸ್ ಚಾಲಕ