ಶಾಲಾ ಸಂಸತ್ತು ಪ್ರಮಾಣವಚನಕ್ಕೇ ಮುಗಿಯದಿರಲಿ

ಮಾನ್ಯರೇ,

ಜೂನ್ ಕಳೆಯುತ್ತಿದ್ದಂತೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಶಾಲಾ ಸಂಸತ್ ಚುನಾವಣೆಯ ಫೋಟೊಗಳು ಕಾಣಿಸಿಕೊಳ್ಳುತ್ತವೆ. ತೋರುಬೆರಳಿಗೆ ಮಾರ್ಕರ್ ಪೆನ್ನಿನ ಗೀಟು, ಕೊರಳಲ್ಲಿ ‘ಮತಗಟ್ಟೆ ಅಧಿಕಾರಿ’ ಎಂಬ ಚೀಟಿ, ಮರುದಿನ ಪ್ರಮಾಣವಚನ. ನೋಡಲು ಚೆಂದ. ತಿಂಗಳು ಬಿಟ್ಟು ಅದೇ ಶಾಲೆಯ ಆರೋಗ್ಯ ಮಂತ್ರಿಯನ್ನು ‘ನಿನ್ನ ಕೆಲಸ ಏನಮ್ಮ’ ಎಂದು ಕೇಳಿದರೆ, ‘ಪ್ರಾರ್ಥನೆಗೆ ಲೈನು ನಿಲ್ಲಿಸೋದು ಸರ್’ ಎನ್ನುತ್ತಾಳೆ. ಮತ ಹಾಕುವುದನ್ನು ಒಂದು ದಿನ ಆಡಿಸಿ ತೋರಿಸುತ್ತೇವೆ. ಆಮೇಲೆ ಶುರುವಾಗುವ ಸರ್ಕಾರವನ್ನು ಕಲಿಸದೆಯೇ ಬಿಡುತ್ತೇವೆ.

ಎಡವಟ್ಟು ಉಮೇದುವಾರಿಕೆಯಿಂದಲೇ ಆರಂಭ. ಹಲವು ಶಾಲೆಗಳಲ್ಲಿ ಇಂತಿಷ್ಟು ಅಂಕ ಬಂದವರು ಮಾತ್ರ ಸ್ಪರ್ಧಿಸಬಹುದು, ಅದೂ ಶಿಕ್ಷಕರು ಒಪ್ಪಿದರೆ. ಅಕ್ಷರ ಬಲ್ಲವರಿಗಷ್ಟೇ ಮತ ಎಂಬ ಷರತ್ತನ್ನು ನಮ್ಮ ಸಂವಿಧಾನ ಹಾಕಲಿಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದು ಬಾರದೆಂದೇ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ಚಿಹ್ನೆ ಅಂಟಿಸಿದ್ದರು. ಆ ಪಾಠವನ್ನು ತರಗತಿಯಲ್ಲಿ ಓದಿಸಿ, ಪಡಸಾಲೆಯಲ್ಲಿ ಅಂಕಪಟ್ಟಿ ಕೇಳಿದರೆ ಮಕ್ಕಳು ನಂಬುವುದು ಪಡಸಾಲೆಯನ್ನೇ. ನಾಮಪತ್ರಕ್ಕೆ ಒಬ್ಬ ಸೂಚಕರ ಸಹಿ, ಒಂದು ದಿನ ಪರಿಶೀಲನೆ, ಒಂದು ದಿನ ವಾಪಸಾತಿ. ಇಷ್ಟಿದ್ದರೆ ಸಾಕು.

ಎರಡನೆಯದು, ‘ಪ್ರಧಾನಮಂತ್ರಿ’ಯನ್ನು ಇಡೀ ಶಾಲೆ ನೇರವಾಗಿ ಆರಿಸುವುದು. ಎರಡನೇ ಸ್ಥಾನ ಬಂದವರು ಉಪಪ್ರಧಾನಿ, ಮೂರನೆಯವರು ಶಿಕ್ಷಣ ಮಂತ್ರಿ! ನಮ್ಮ ಪದ್ಧತಿ ಇದಲ್ಲ. 8, 9, 10ನೇ ತರಗತಿಗಳಿಗೆ ತಲಾ ಎರಡು ವಿಭಾಗವಿದ್ದರೆ ಆರು ಕ್ಷೇತ್ರಗಳಾದವು. ಕ್ಷೇತ್ರಕ್ಕಿಬ್ಬರಂತೆ 12 ಸದಸ್ಯರು. ಏಳು ಮಂದಿಯ ಬೆಂಬಲ ತೋರಿಸಿದವರು ನಾಯಕರು, ಮಂತ್ರಿಗಳನ್ನು ಆರಿಸಿಕೊಳ್ಳುವುದು ಅವರ ಕೆಲಸ, ಉಳಿದವರು ವಿರೋಧ ಪಕ್ಷ. ಮಂತ್ರಿಗಳು ಮೂವರು ಸಾಕು. ಅದೂ ಧಾರಾಳವೇ: 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಸದನದ ಶೇ 15ನ್ನು ಮೀರುವಂತಿಲ್ಲ, 224 ಸ್ಥಾನಗಳ ನಮ್ಮ ವಿಧಾನಸಭೆಗೆ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಹನ್ನೆರಡು ಜನರ ಸದನದಲ್ಲಿ ಒಂಬತ್ತು ಮಂದಿ ಮಂತ್ರಿಗಳಾದರೆ ಪ್ರಶ್ನೆ ಕೇಳುವವರು ಯಾರು?

ಈಗ ಮತದಾನ. ಮೊಬೈಲ್ ಆ್ಯಪ್‌ನಲ್ಲೇ ಇವಿಎಂ ಮಾಡಿ ಮುಗಿಸುವುದು ಈಚಿನ ಹುಮ್ಮಸ್ಸು. ನಿಜವಾದ ಯಂತ್ರಕ್ಕೆ ಮತದಾನಕ್ಕೆ ಮೊದಲು ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ಅಳಿಸುತ್ತಾರೆ. ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಆ್ಯಪ್‌ನಲ್ಲಿ ಇದಾವುದೂ ಇಲ್ಲ. ಗುಂಡಿ ಒತ್ತಿದರೆ ‘ಬೀಪ್’, ಕೊನೆಗೆ ಮೇಷ್ಟರ ಮೊಬೈಲ್ ಹೇಳಿದ್ದೇ ಫಲಿತಾಂಶ. ಸಂಶಯ ಬಂದರೆ ಮರುಎಣಿಕೆಗೆ ಏನೂ ಉಳಿದಿರುವುದಿಲ್ಲ. ಕಲಿಯಲು ಕಾಗದವೇ ವಾಸಿ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ಕೂಡ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರದಲ್ಲೇ ನಡೆದದ್ದು.

ಇನ್ನೂರು ಮಕ್ಕಳ ಶಾಲೆಗೆ 210 ಮತಪತ್ರ ಬೇಕು. ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ 53 ಹಾಳೆ ಸಾಕು. ಗುರುತಿಗೆ ಪೆನ್ನು ಕೊಡಬೇಡಿ. ಅಕ್ಷರದಿಂದಲೇ ಯಾರದೆಂದು ಗೊತ್ತಾಗುತ್ತದೆ. ಐದು ರೂಪಾಯಿಯ ರಬ್ಬರಿನ ಮೇಲೆ ‘ಕ’ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಮುದ್ರೆ ಹಾಕಿಸಿ. ಮಸಿ ಆರುವ ಮೊದಲೇ ಮಡಚಿದ್ದರಿಂದ ಇನ್ನೊಂದು ಸಾಲಿಗೆ ಅಂಟಿಕೊಂಡರೆ, ಅಂಟಿದ ‘ಕ’ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಎಣಿಸುವ ಮಕ್ಕಳೇ ಹೇಳುತ್ತಾರೆ. ನಿಜವಾದ ಮತಪತ್ರಕ್ಕೆ ಒತ್ತುವ, ಬಾಣದ ತುದಿಗಳ ಅಡ್ಡಗುರುತಿನ ಗುಟ್ಟೂ ಇದೇ. ಮಡಚುವಾಗ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿಸಿ. ಆಗ ಮಸಿ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಉಳಿಯುತ್ತದೆ.

ಪೆಟ್ಟಿಗೆ ತೆರೆಯುವ ಮೊದಲು ಲೆಕ್ಕ ಹಾಕಿಸಿ. ಅಚ್ಚಾದದ್ದು 210, ಕೊಟ್ಟದ್ದು 193, ಉಳಿದದ್ದು 17. ಪೆಟ್ಟಿಗೆಯಲ್ಲಿ ಸಿಕ್ಕಿದ್ದು 192 ಆದರೆ ಒಂದು ಎಲ್ಲಿ ಹೋಯಿತು? ಯಾರೋ ತಮಾಷೆಗೆ ಜೇಬಿಗಿಳಿಸಿರಬಹುದು. ಆದರೆ ಹೊರಗೆ ಹೋದ ಒಂದೇ ಒಂದು ಖಾಲಿ ಮತಪತ್ರದಿಂದ ಸರದಿಯಲ್ಲಿ ನಿಂತ ಮತದಾರರನ್ನೆಲ್ಲ ಕೊಳ್ಳಬಹುದು. ಅದಕ್ಕೆ ಹೊರಗೇ ಗುರುತು ಹಾಕಿ ಒಬ್ಬನ ಕೈಗಿಟ್ಟು, ‘ಇದನ್ನು ಪೆಟ್ಟಿಗೆಗೆ ಹಾಕು, ನಿನಗೆ ಕೊಟ್ಟ ಖಾಲಿ ಚೀಟಿ ತಂದುಕೊಡು, ದುಡ್ಡು ಕೊಡುತ್ತೇನೆ’ ಎಂದರಾಯಿತು, ಸರಪಳಿ ಮುಂದುವರಿಯುತ್ತದೆ. ಮತದಾರ ತನ್ನ ಹೆಸರು ಬರೆದ ಮತಪತ್ರ ಏಕೆ ತಿರಸ್ಕೃತ ಎಂಬುದಕ್ಕೂ ಇದೇ ಉತ್ತರ: ಯಾರಿಗೆ ಹಾಕಿದೆ ಎಂದು ಸಾಬೀತು ಮಾಡಲು ಆಗುವಂತಿದ್ದರೆ ಮತ ಮಾರಾಟದ ಸರಕಾಗುತ್ತದೆ. ‘ಮತ ಮಾರಿಕೊಳ್ಳಬೇಡಿ’ ಎಂಬ ಹತ್ತು ಭಾಷಣಕ್ಕಿಂತ ಈ ಕಾಣೆಯಾದ ಒಂದು ಚೀಟಿ ಹೆಚ್ಚು ಕಲಿಸುತ್ತದೆ.

ಫಲಿತಾಂಶದ ನಂತರದ ಮಾತು. ತಿಂಗಳಿಗೊಂದು ಶನಿವಾರ 40 ನಿಮಿಷ ಸದನ ಸೇರಲಿ, ಮುಖ್ಯ ಶಿಕ್ಷಕರು ಗ್ಯಾಲರಿಯಲ್ಲಿ ಕುಳಿತಿರಲಿ. ಪ್ರಶ್ನೆಗಳನ್ನು ಮೂರು ದಿನ ಮೊದಲೇ ಬರೆದು ಕೊಡಬೇಕು. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ, ಅದರ ಮೇಲೆ ಉಪಪ್ರಶ್ನೆ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ. ಶಾಲೆಗೂ ಅದೇ ಇರಲಿ, ದಿನಕ್ಕೆ ಐದು ಚುಕ್ಕೆ ಪ್ರಶ್ನೆ ಸಾಕು. ಪ್ರಶ್ನೆ ತೂಕದ್ದಾಗಿರಬೇಕು. ‘ಶೌಚಾಲಯ ಯಾಕೆ ಸ್ವಚ್ಛವಿಲ್ಲ’ ಎಂದರೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಬರುತ್ತದೆ (ಮಕ್ಕಳಿಗೆ ಈ ಭಾಷೆ ಬೇಗ ಹತ್ತುತ್ತದೆ). ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ಕಳೆದ ತಿಂಗಳು ಎಷ್ಟು ದಿನ ನೀರು ಬರಲಿಲ್ಲ?’ ಎಂದರೆ ಮಂತ್ರಿ ಎಣಿಸಿಯೇ ಬರಬೇಕು.

ಹಣವಿಲ್ಲದ ಸರ್ಕಾರ ನಾಟಕವೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿದರೆ ವರ್ಷಕ್ಕೆ ಸಾವಿರ ರೂಪಾಯಿಯಾದರೂ ಸದನದ ತೀರ್ಮಾನಕ್ಕೆ ಬಿಡಲಿ. ವಾಲಿಬಾಲ್ ತರಬೇಕೋ, ನೀರಿನ ಫಿಲ್ಟರಿನ ಕ್ಯಾಂಡಲ್ ಬದಲಿಸಬೇಕೋ, ಮಕ್ಕಳು ಜಗಳವಾಡಿ ಮತಕ್ಕೆ ಹಾಕಲಿ. ರಸೀದಿ ಸಮೇತ ಲೆಕ್ಕವನ್ನು ತಪಾಸಣೆ ಮಾಡುವುದು ವಿರೋಧ ಪಕ್ಷದ ನಾಯಕಿ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು 1967ರಿಂದ ವಿರೋಧ ಪಕ್ಷದವರಿಗೇ ಕೊಡುವ ರೂಢಿ ಏಕೆಂದು ಆಗ ಬೇರೆ ಪಾಠ ಬೇಕಾಗುವುದಿಲ್ಲ.

ಶಾಲೆಯ ಗೇಟು ದಾಟಿದ ಸಮಸ್ಯೆಗಳು ಮಕ್ಕಳ ಗ್ರಾಮಸಭೆಗೆ ಹೋಗಬೇಕು. ಅಲ್ಲಿ ಆಗುವ ತಪ್ಪೆಂದರೆ ಎಲ್ಲ ಬೇಡಿಕೆಗಳನ್ನೂ ಪಿಡಿಒ ಮುಂದೆ ಸುರಿಯುವುದು. ಬೀದಿದೀಪ, ಚರಂಡಿ, ಕುಡಿಯುವ ನೀರು ಪಂಚಾಯಿತಿಯದು. ಬಸ್ಸಿನ ಸಮಯ ಡಿಪೊ ವ್ಯವಸ್ಥಾಪಕರದು, ಖಾಲಿ ಶಿಕ್ಷಕರ ಹುದ್ದೆ ಬಿಇಒ ಕಚೇರಿಯ ಮೂಲಕ ಹೋಗಬೇಕು, ವಾಲಿದ ಕರೆಂಟು ಕಂಬ ಬೆಸ್ಕಾಂ ಶಾಖಾ ಕಚೇರಿಯದು. ಸಭೆಗೆ ಮೊದಲೇ ಬೇಡಿಕೆಗಳನ್ನು ಕಚೇರಿವಾರು ವಿಂಗಡಿಸುವುದೇ ಅರ್ಧ ಪೌರನೀತಿ. ಒಂದು ಅರ್ಜಿಗೆ ಒಂದೇ ವಿಷಯ, ಎರಡು ಪ್ರತಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ. ಸೀಲಿಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಪುರಾವೆ ಇಲ್ಲ. ಗ್ರಾಮಸಭೆಯ ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಅದೇ ದಿನ ನೋಡಿ, ನಿರ್ಣಯದ ಸಂಖ್ಯೆ ಬರೆದುಕೊಳ್ಳಬೇಕು. ಮುಂದಿನ ವರ್ಷದ ಸಭೆಯ ಮೊದಲ ಪ್ರಶ್ನೆ ಆ ಸಂಖ್ಯೆಯದೇ ಆಗಲಿ. ಉತ್ತರ ಬಾರದಿದ್ದರೆ ಪೋಷಕರೊಬ್ಬರು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು. ‘ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ತಳ್ಳಿಹಾಕಲು ಸುಲಭ, ‘ಕಡತದ ಪ್ರತಿ ಕೊಡಿ’ ಎಂದು ಕೇಳಬೇಕು.

ಪಿಯು ಕಾಲೇಜುಗಳಿಗೆ ಒಂದು ಮಾತು. 17 ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ನ್ನು ಮುಂಗಡವಾಗಿಯೇ ಸಲ್ಲಿಸಬಹುದು. ಜನವರಿ 1 ಮಾತ್ರವಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಈಗ 18 ತುಂಬಿರಬೇಕಾದ ಅರ್ಹತಾ ದಿನಾಂಕಗಳು. ಹಾಸ್ಟೆಲ್ ಮಕ್ಕಳು ಊರಿನಲ್ಲೋ ಹಾಸ್ಟೆಲ್ ವಿಳಾಸದಲ್ಲೋ, ಒಂದೇ ಕಡೆ ಹೆಸರು ಸೇರಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳುವುದು ಕ್ಷೇಮ.

ಚುನಾವಣೆ ನಡೆಸಿದ ವರದಿ ಕೇಳುವ ಶಿಕ್ಷಣ ಇಲಾಖೆ, ಸದನ ಎಷ್ಟು ಸಲ ಸೇರಿತು ಎಂಬುದನ್ನೂ ಕೇಳಲಿ. ನಿಮ್ಮ ಪತ್ರಿಕೆಯೂ ಜುಲೈನಲ್ಲಿ ಪ್ರಮಾಣವಚನದ ಫೋಟೊ ಕಳಿಸಿದ ಶಾಲೆಗಳಿಂದ ಡಿಸೆಂಬರ್‌ನಲ್ಲಿ ಪ್ರಶ್ನೋತ್ತರದ ಫೋಟೊ ತರಿಸಿ ಪ್ರಕಟಿಸಲಿ. ಎಷ್ಟು ಬರುತ್ತವೆ, ನೋಡೋಣ.

— ಪ್ರೌಢಶಾಲೆಯ ಇಬ್ಬರು ಸಮಾಜ ವಿಜ್ಞಾನ ಶಿಕ್ಷಕರು, ತುಮಕೂರು ಜಿಲ್ಲೆ