ಬಾಡಿಗೆ ಕಾರಿನ ವಿಮೆ: ಸಹಿಗೆ ಮುನ್ನ ನೋಡಬೇಕಾದ್ದು

ಮಾನ್ಯ ಸಂಪಾದಕರೇ,

ಕಾರು ಬಾಡಿಗೆಗೆ ಪಡೆದು ತಾವೇ ಓಡಿಸುವವರು ಹೆಚ್ಚುತ್ತಿದ್ದಾರೆ. ದಿನದ ದರವನ್ನು ನಾಲ್ಕು ಕಡೆ ವಿಚಾರಿಸುವವರೂ ಕೌಂಟರಿನಲ್ಲಿ ‘ಫುಲ್ ಇನ್ಶೂರೆನ್ಸ್ ಇದೆ’ ಎಂದರೆ ಸಾಕು, ಓದದೆ ಸಹಿ ಹಾಕಿಬಿಡುತ್ತಾರೆ. ಆಮೇಲೆ ಬರುವ ತಗಾದೆಗಳ ಮೂಲ ಬಹುಪಾಲು ಇಲ್ಲೇ ಇದೆ.

ಮೊದಲು ಎರಡನ್ನು ಬೇರ್ಪಡಿಸಿ ನೋಡಬೇಕು. ಒಂದು, ಎದುರಿನವರಿಗೆ ಆಗುವ ಗಾಯ, ಸಾವು, ಆಸ್ತಿ ನಷ್ಟಕ್ಕೆ ಥರ್ಡ್ ಪಾರ್ಟಿ ವಿಮೆ. ಇನ್ನೊಂದು, ನಾವು ಓಡಿಸುವ ಕಾರಿಗೇ ಆಗುವ ಹಾನಿ. ಕೌಂಟರಿನ ಮಾತೆಲ್ಲ ಎರಡನೆಯದರ ಸುತ್ತ. ಆದರೆ ನಿಜವಾದ ಅಪಾಯ ಮೊದಲನೆಯದರಲ್ಲಿದೆ. ಥರ್ಡ್ ಪಾರ್ಟಿ ವಿಮೆ ಬಹುತೇಕ ದೇಶಗಳಲ್ಲಿ ಕಡ್ಡಾಯವಾದರೂ, ಕೆಲವೆಡೆ ಕಾನೂನು ಹೇಳಿದ ಕನಿಷ್ಠ ಮೊತ್ತಕ್ಕಷ್ಟೇ ಇರುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಆ ಕನಿಷ್ಠ ಮೊತ್ತ ತೀವ್ರವಾಗಿ ಗಾಯಗೊಂಡ ಒಬ್ಬರ ಆಸ್ಪತ್ರೆ ಖರ್ಚಿಗೂ ಸಾಲದಿರಬಹುದು. ಹೆಚ್ಚುವರಿ ಹಣ ಒಂದಕ್ಕೇ ಹಾಕುವುದಾದರೆ ಈ ಮಿತಿಯನ್ನು ಏರಿಸಿಕೊಳ್ಳುವುದೇ ಸರಿ.

ಕಾರಿನ ಹಾನಿಗೆಂದು ಕೊಡುವ ‘ಕೊಲಿಷನ್ ಡ್ಯಾಮೇಜ್ ವೇವರ್’ ಸಾಮಾನ್ಯವಾಗಿ ವಿಮಾ ಪಾಲಿಸಿಯಲ್ಲ; ‘ಇಷ್ಟರ ಮೇಲಿನದನ್ನು ನಿಮ್ಮಿಂದ ವಸೂಲು ಮಾಡುವುದಿಲ್ಲ’ ಎಂದು ಬಾಡಿಗೆ ಕಂಪನಿ ಕೊಡುವ ಒಪ್ಪಿಗೆ. ‘ಇಷ್ಟು’ ಎಂಬುದೇ ಎಕ್ಸೆಸ್. ಅದು 1,000 ಡಾಲರ್ ಇದ್ದು ರಿಪೇರಿ 3,000 ಆದರೆ ನಮ್ಮ ಪಾಲು 1,000. ರಿಪೇರಿ 400 ಆದರೆ ಪೂರ್ತಿ 400 ನಮ್ಮದೇ. ಸಣ್ಣ ಗೀರು, ನೆಗ್ಗುಗಳಿಗೆ ಈ ವೇವರ್‌ನಿಂದ ಏನೂ ಸಿಗುವುದಿಲ್ಲ ಎಂಬುದು ಹಲವರಿಗೆ ತಿಳಿಯುವುದು ಬಿಲ್ ಬಂದಾಗ.

ಹೆಚ್ಚು ಹಣ ಕೊಟ್ಟು ಎಕ್ಸೆಸ್ಸನ್ನು ಸೊನ್ನೆಗಿಳಿಸಿಕೊಂಡರೂ ಟೈರು, ರಿಮ್, ಗಾಜು, ಕಾರಿನ ಅಡಿಭಾಗ, ಛಾವಣಿ, ಕಳೆದುಹೋದ ಕೀ ಇವೆಲ್ಲ ಹಲವು ಒಪ್ಪಂದಗಳಲ್ಲಿ ಹೊರಗೇ ಉಳಿಯುತ್ತವೆ. ಫುಟ್‌ಪಾತ್ ಅಂಚಿಗೆ ಉಜ್ಜಿದ ರಿಮ್, ಕಲ್ಲಿಗೆ ಬಡಿದ ಆಯಿಲ್ ಸಂಪ್ ಇಂಥವೇ ನಿತ್ಯ ಆಗುವ ಹಾನಿಗಳು. ತಪ್ಪು ಇಂಧನ ಹಾಕಿಸಿದ್ದಕ್ಕೂ ರಕ್ಷಣೆ ಸಿಗುವುದು ಅಪರೂಪ. ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದರೆ ಇಗ್ನಿಷನ್ ಆನ್ ಮಾಡಲೇಬಾರದು. ಟ್ಯಾಂಕ್ ಖಾಲಿ ಮಾಡಿಸಿದರೆ ಮುಗಿಯುವ ಕೆಲಸ, ಎಂಜಿನ್ ಓಡಿಸಿದರೆ ಫ್ಯೂಯೆಲ್ ಪಂಪು, ಇಂಜೆಕ್ಟರುಗಳವರೆಗೆ ಹೋಗುತ್ತದೆ.

ಷರತ್ತು ಮುರಿದರೆ ವೇವರ್ ಪೂರ್ತಿ ರದ್ದಾಗಬಹುದು. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವುದು, ಕುಡಿದು ಓಡಿಸುವುದು, ಅನುಮತಿಯಿಲ್ಲದೆ ಗಡಿ ದಾಟುವುದು, ಕಚ್ಚಾ ರಸ್ತೆಗಿಳಿಸುವುದು ಇಂಥ ಷರತ್ತುಗಳು. ಕಾರು ಕಳವಾದಾಗ ಕೀ ಒಪ್ಪಿಸಲಾಗದಿದ್ದರೂ ರಕ್ಷಣೆ ನಿರಾಕರಿಸುವುದುಂಟು.

ಎಕ್ಸೆಸ್‌ಗಾಗಿ ಹೊರಗಿನ ವಿಮಾ ಕಂಪನಿಗಳ ಪಾಲಿಸಿ ಸಾಮಾನ್ಯವಾಗಿ ಕೌಂಟರಿಗಿಂತ ಅಗ್ಗ. ಆದರೆ ಮೊದಲು ನಾವು ಕಟ್ಟಿ, ಆಮೇಲೆ ಕ್ಲೇಮು ಹಾಕಬೇಕು. ಠೇವಣಿಗೆಂದು ಕಾರ್ಡಿನಲ್ಲಿ ಹಿಡಿದಿಡುವ ಮೊತ್ತವೂ ಇದರಿಂದ ತಗ್ಗುವುದಿಲ್ಲ. ಕೆಲವು ಕ್ರೆಡಿಟ್ ಕಾರ್ಡುಗಳೂ ರಕ್ಷಣೆ ಕೊಡುತ್ತವೆ. ಅದಕ್ಕೆ ಪೂರ್ತಿ ಬಾಡಿಗೆಯನ್ನು ಅದೇ ಕಾರ್ಡಿನಲ್ಲಿ ಕಟ್ಟಿ, ಕಂಪನಿಯ ವೇವರನ್ನು ಬೇಡವೆನ್ನಬೇಕು. ದಿನಗಳ ಮಿತಿ, ಹೊರಗಿಟ್ಟ ದೇಶಗಳು, ವ್ಯಾನು ಮತ್ತು ದುಬಾರಿ ಕಾರುಗಳ ನಿಷೇಧ ಇರುತ್ತವೆ. ಥರ್ಡ್ ಪಾರ್ಟಿ ಹೊಣೆ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ.

ಬಿಲ್ಲಿನಲ್ಲಿ ರಿಪೇರಿಯ ಜೊತೆಗೆ ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟ, ಟೋಯಿಂಗ್, ಆಡಳಿತ ಶುಲ್ಕ ಸೇರಬಹುದು. ಹಾಗಾಗಿ ಕಾರು ಪಡೆಯುವಾಗಲೇ ಬೆಳಕಿರುವ ಕಡೆ ನಿಲ್ಲಿಸಿ ಒಂದು ಸುತ್ತು ವಿಡಿಯೊ ಮಾಡಿ. ನಾಲ್ಕೂ ರಿಮ್, ಬಂಪರಿನ ಕೆಳಅಂಚು, ಛಾವಣಿ, ಗಾಜು, ಇಂಧನದ ಮುಳ್ಳು, ಓಡಿದ ಕಿಲೋಮೀಟರ್ ಕಾಣುವಂತಿರಲಿ. ಹಳೆಯ ಗೀರುಗಳನ್ನು ಫಾರಂನಲ್ಲಿ ಬರೆಸಿ. ಮರಳಿಸುವಾಗಲೂ ಹೀಗೇ ಮಾಡಿ, ಸಿಬ್ಬಂದಿ ಇರುವ ಹೊತ್ತಿನಲ್ಲೇ ಸಹಿ ಪಡೆಯಿರಿ. ಕೆಲವು ವಾರಗಳ ನಂತರ ಕಾರ್ಡಿನಿಂದ ಹಣ ಕಡಿತವಾದರೆ ರಿಪೇರಿ ರಸೀದಿ, ಫೋಟೊ ಕೇಳಿ; ತೃಪ್ತಿಯಾಗದಿದ್ದರೆ ಬ್ಯಾಂಕಿನಲ್ಲಿ ಆಕ್ಷೇಪ ಸಲ್ಲಿಸಬಹುದು.

ಗ್ರಾಹಕರೇ ಇಷ್ಟೆಲ್ಲ ಹುಡುಕಿ ತಿಳಿಯಬೇಕಾದ ಸ್ಥಿತಿ ನ್ಯಾಯವಲ್ಲ. ಎಕ್ಸೆಸ್ ಮೊತ್ತ, ಥರ್ಡ್ ಪಾರ್ಟಿ ಮಿತಿ, ರಕ್ಷಣೆಯಿಲ್ಲದ ಭಾಗಗಳು ಈ ಮೂರನ್ನೂ ಒಪ್ಪಂದದ ಮೊದಲ ಪುಟದಲ್ಲೇ, ಸಹಿಯ ಜಾಗದ ಮೇಲೆ, ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.

— ಓರ್ವ ಓದುಗ